ಸ್ಪೂಲ್ ಕಳಚಿದ ಫೈಬರ್ ಸುರುಳಿ: ಅಮೆರಿಕದ ಪೇಟೆಂಟ್ ಮೇಲ್ಮನವಿಯಲ್ಲಿ ಏನು ವಾದಿಸಬೇಕು?

ಪ್ರಶ್ನೆ:
ಬೆಳಕಿನ ಸಂಕೇತ ಸಾಗಿಸುವ ಗಾಜಿನ ಎಳೆಯಾದ ಸಾಮಾನ್ಯ ಸಿಂಗಲ್ ಮೋಡ್ ಫೈಬರಿನ ಡಿಸ್ಪರ್ಶನ್, ಅಂದರೆ ಪಲ್ಸ್ ಸಾಗುತ್ತ ಹರಡುವ ಪ್ರಮಾಣ, 1550 ನ್ಯಾನೋಮೀಟರ್ ತರಂಗಾಂತರದ ಬಳಿ ಪ್ರತಿ ನ್ಯಾನೋಮೀಟರ್-ಕಿಲೋಮೀಟರಿಗೆ ಸುಮಾರು 17 ಪಿಕೋಸೆಕೆಂಡ್. 80 ಕಿಲೋಮೀಟರಿನಲ್ಲಿ ಹರಡಿದ ಪಲ್ಸನ್ನು ಸರಿದೂಗಿಸಲು ಅದೇ ಮಾನದಲ್ಲಿ ಡಿಸ್ಪರ್ಶನ್ ಋಣ 100 ಇರುವ (ಹರಡಿದ್ದನ್ನು ಮತ್ತೆ ಕೂಡಿಸುವ) ಫೈಬರ್ 13.6 ಕಿಲೋಮೀಟರ್ ಬೇಕು. ಅದನ್ನು ಅಲ್ಯೂಮಿನಿಯಂ ಸ್ಪೂಲಿಗೆ ಸುತ್ತಿದರೆ, ಲೋಹವು ಸಿಲಿಕಾ ಗಾಜಿಗಿಂತ ಸುಮಾರು 40 ಪಟ್ಟು ಹೆಚ್ಚು ಹಿಗ್ಗುವುದರಿಂದ, ಬಿಸಿಯಲ್ಲಿ ಎಳೆ ಬಿಗಿದು ಬೆಳಕಿನ ನಷ್ಟ ಏರುತ್ತದೆ. ಆದ್ದರಿಂದ ನಮ್ಮ ಅರ್ಜಿಯಲ್ಲಿ ಸುರುಳಿಯನ್ನು ಸ್ಪೂಲಿನಿಂದ ಕಳಚಿ, ಮೆತ್ತನೆಯ ಸಿಲಿಕೋನ್ ಜೆಲ್ಲಿನಲ್ಲಿ ಕೂರಿಸಿದ್ದೇವೆ. ಪರೀಕ್ಷಕರು ಸ್ಪೂಲ್ ಮಾಡ್ಯೂಲಿನ ಪೇಟೆಂಟೊಂದನ್ನು, ಅಂಟು ತುಂಬಿದ ಫೈಬರ್ ಗೈರೋಸ್ಕೋಪ್ (ತಿರುಗುವಿಕೆ ಅಳೆಯುವ ಸಾಧನ) ಸುರುಳಿಯ ಪೇಟೆಂಟಿನೊಂದಿಗೆ ಜೋಡಿಸಿ, ಇದು ಪರಿಣತರಿಗೆ ಸಹಜವಾಗಿ ಹೊಳೆಯುವಂಥದ್ದು ಎಂದು ಎರಡನೆಯ ಬಾರಿಯೂ ತಿರಸ್ಕರಿಸಿದ್ದಾರೆ. ಗೈರೋಸ್ಕೋಪ್ ಬೇರೆ ಕ್ಷೇತ್ರದ್ದು ಎಂದರೆ ಸಾಕೇ?

ಉತ್ತರ 1:
ಸಾಲದು. ಕ್ಷೇತ್ರ ಬೇರೆಯಾದರೂ, ಆ ದಾಖಲೆ ನಿಮ್ಮ ಸಮಸ್ಯೆಗೆ ಸಮಂಜಸವಾಗಿ ಸಂಬಂಧಿಸಿದ್ದರೆ ಪೇಟೆಂಟ್ ಕಚೇರಿಯ ಮೇಲ್ಮನವಿ ಮಂಡಳಿ ಅದನ್ನು ಪರಿಗಣಿಸುತ್ತದೆ. ಸುತ್ತಿದ ಫೈಬರಿನ ಮೇಲಿನ ಉಷ್ಣದ ಒತ್ತಡ ಎರಡೂ ಕಡೆ ಇರುವ ತೊಂದರೆಯೇ.

ಉತ್ತರ 2:
ಅಮೆರಿಕದ ಸುಪ್ರೀಂ ಕೋರ್ಟಿನ 2007ರ ಕೆಎಸ್‌ಆರ್ ತೀರ್ಪು ವಾಹನದ ಪೆಡಲಿಗೆ ಸಂಬಂಧಿಸಿದ್ದಾದರೂ ಇಲ್ಲಿಗೂ ಅನ್ವಯಿಸುತ್ತದೆ: ಎರಡು ದಾಖಲೆಗಳನ್ನು ಜೋಡಿಸಿರೆಂದು ಯಾವುದೇ ಗ್ರಂಥ ಹೇಳಿರಬೇಕಿಲ್ಲ, ಆದರೆ ಜೋಡಿಸಲು ಕಾರಣವೇನೆಂಬುದನ್ನು ಪರೀಕ್ಷಕರು ತರ್ಕಬದ್ಧವಾಗಿ ಬಿಡಿಸಿ ಹೇಳಬೇಕು. ನಿಮ್ಮ ಬಲವಿರುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಕಂಪನದಿಂದಾಗುವ ದೋಷ ತಗ್ಗಿಸಲು ಗೈರೋಸ್ಕೋಪ್ ಸುರುಳಿಗೆ ಗಡುಸಾದ ಅಂಟನ್ನು ಬಳಸುವುದುಂಟು. ಆ ಪೇಟೆಂಟ್ ಗಡುಸುತನವನ್ನೇ ಬಯಸಿದ್ದರೆ, ಅದನ್ನು ಓದಿದವರು ಮೆತ್ತನೆಯ ಜೆಲ್ಲಿನತ್ತ ಏಕೆ ತಿರುಗುತ್ತಾರೆ ಎಂದು ಕೇಳಿ. ಆದರೆ ನಿಮ್ಮ ಮೊದಲ ಕ್ಲೇಮಿನಲ್ಲಿ (ಯಾವುದಕ್ಕೆ ಹಕ್ಕು ಕೋರುತ್ತೀರೆಂದು ಹೇಳುವ ಅಂಶದಲ್ಲಿ) "ಮೆತ್ತನೆ" ಎಂಬ ಮಾತಿದೆಯೇ?

ಪ್ರಶ್ನೆ ಕೇಳಿದವರು:
ಇಲ್ಲ. ಅಲ್ಲಿ "ತುಂಬುವ ವಸ್ತು" ಎಂದಷ್ಟೇ ಇದೆ; ಮೆತುತನದ ಮಿತಿ ಬರುವುದು ನಾಲ್ಕನೆಯ ಕ್ಲೇಮಿನಲ್ಲಿ. ಉಷ್ಣ ಪರೀಕ್ಷೆಯ ಅಂಕಿಗಳನ್ನೂ ಇನ್ನೂ ಸಲ್ಲಿಸಿಲ್ಲ.

ಉತ್ತರ 3:
ಹಾಗಿದ್ದರೆ ನಾಲ್ಕನೆಯದನ್ನು ಪ್ರತ್ಯೇಕ ಶೀರ್ಷಿಕೆಯಡಿ ವಾದಿಸಿ. ಇಲ್ಲದಿದ್ದರೆ ಮಂಡಳಿ ಮೊದಲ ಕ್ಲೇಮಿನೊಂದಿಗೇ ಅದನ್ನೂ ತೀರ್ಮಾನಿಸಿಬಿಡಬಹುದು. ಅಂಕಿಗಳಿರುವ ಪ್ರಮಾಣಪತ್ರವನ್ನು (ಅಫಿಡವಿಟ್) ಮೇಲ್ಮನವಿಯ ನೋಟಿಸಿಗೆ ಮೊದಲೇ ದಾಖಲಿಸಲು ಯತ್ನಿಸಿ, ಏಕೆಂದರೆ ಆಮೇಲೆ ಹೊಸ ಸಾಕ್ಷ್ಯಕ್ಕೆ ಬಾಗಿಲು ಬಹುತೇಕ ಮುಚ್ಚುತ್ತದೆ. ನೋಟಿಸಿನ ನಂತರ ಲಿಖಿತ ವಾದಕ್ಕಿರುವುದು ಎರಡೇ ತಿಂಗಳು.