ಪದ ಬೇಕು: ಎಪಿಐ ಕೈಪಿಡಿಯ ‘ಡೆಪ್ರಿಕೇಟೆಡ್’ಗೆ ‘ರದ್ದಾದ’ ನಡೆದೀತೇ?

ಹುಬ್ಬಳ್ಳಿ, ವಿದ್ಯಾನಗರದಿಂದ:
ನಮಸ್ಕಾರ. ಬಸ್ ನಿಲ್ದಾಣಗಳ ಮಾಹಿತಿ ಕೊಡುವ ಎಪಿಐ (ಒಂದು ತಂತ್ರಾಂಶ ಇನ್ನೊಂದರಿಂದ ಮಾಹಿತಿ ಕೇಳುವ ದಾರಿ) ಒಂದರ ಕೈಪಿಡಿ ನಾಳೆ ಮಧ್ಯಾಹ್ನದೊಳಗೆ ಕನ್ನಡದಲ್ಲಿ ಹೋಗಬೇಕು. ಹಳೆಯ ಆವೃತ್ತಿ ವಿ1ರ ವಿಳಾಸಗಳ ಮೇಲೆ ‘ಡೆಪ್ರಿಕೇಟೆಡ್’ ಎಂಬ ಲೇಬಲ್ ಇದೆ. ಕರೆದರೆ ಇವತ್ತಿಗೂ 200 (ಸರಿ ಎಂಬ ಉತ್ತರ) ಬರುತ್ತದೆ, ಆದರೆ ಹೊಸ ಕೋಡು ವಿ2ನ್ನೇ ಬಳಸಬೇಕು. ಕರಡಿನಲ್ಲಿ ‘ರದ್ದಾದ’ ಅಂತಿದೆ. ಲೇಬಲ್ ಚಿಕ್ಕದು, ಎರಡು ಪದ ಹಿಡಿಸಿದರೆ ಹೆಚ್ಚು.

ಧಾರವಾಡದಿಂದ:
ಬ್ಯಾಡ್ರೀ. ಎಪಿಐ ಕೈಪಿಡಿ ತೋರಿಸುವ ಸ್ವ್ಯಾಗರ್ ಯುಐ ಆ ಸಾಲನ್ನು ಮೊದಲೇ ಬೂದು ಮಾಡಿ ಮೇಲೊಂದು ಗೆರೆ ಎಳೆದಿರುತ್ತದೆ. ಪಕ್ಕದಲ್ಲಿ ‘ರದ್ದಾದ’ ಎಂದೂ ಕಂಡರೆ ಅದು ಸತ್ತೇ ಹೋಯಿತು ಅಂತ ಓದುವವರು ತಿಳಿಯುತ್ತಾರೆ. ರದ್ದಾದದ್ದು 410 (ಈಗಿಲ್ಲ) ಕೊಡಬೇಕು, 200 ಅಲ್ಲ. ಓಪನ್‌ಎಪಿಐ ಕಡತದ (ಎಪಿಐಯ ವಿವರ ಬರೆದಿಡುವುದು) ‘ಡೆಪ್ರಿಕೇಟೆಡ್’ ಗುರುತು ಬರೀ ಹೌದು-ಅಲ್ಲ, ಅದರಲ್ಲಿ ದಿನಾಂಕ ಇರುವುದಿಲ್ಲ. ನಿಲ್ಲುವ ದಿನ ಹೇಳುವುದು ಉತ್ತರದ ಜೊತೆ ಬರುವ ಸನ್‌ಸೆಟ್ ಹೆಡರ್ (ಆರ್‌ಎಫ್‌ಸಿ 8594 ಎಂಬ ಅಂತರಜಾಲ ತಾಂತ್ರಿಕ ದಾಖಲೆ, 2019). ಡೆಪ್ರಿಕೇಟ್ ಆಗುವ ದಿನ ಹೇಳುವ ಡೆಪ್ರಿಕೇಶನ್ ಹೆಡರ್ ಬೇರೆ (ಆರ್‌ಎಫ್‌ಸಿ 9745, 2025). ಮೊದಲನೆಯದರಲ್ಲಿ ವಾರ-ತಾರೀಖು-ಜಿಎಂಟಿ, ಎರಡನೆಯದರಲ್ಲಿ @ ಆದಮೇಲೆ ಯುನಿಕ್ಸ್ ಸೆಕೆಂಡು (1970ರಿಂದ ಎಣಿಸಿದ್ದು); ಸನ್‌ಸೆಟ್ ದಿನ ಡೆಪ್ರಿಕೇಶನ್ ದಿನಕ್ಕಿಂತ ಹಿಂದೆ ಇರಕೂಡದು. ಹೆಡರ್ ಹೆಸರುಗಳನ್ನು ಮಾತ್ರ ಅನುವಾದಿಸಬೇಡಿ, ಮಾದರಿ ಕೋಡು ನಕಲು ಮಾಡಿದವರಿಗೆ ಕೆಲಸ ಮಾಡುವುದಿಲ್ಲ.

ಗದಗಿನಿಂದ:
‘ರದ್ದು’ ಅರಬ್ಬಿ. ಮುಂಬೈ ಪ್ರಾಂತ್ಯದ ಕಚೇರಿಯ ಎಂಜಲು ಇನ್ನೆಷ್ಟು ದಿನ? ಕನ್ನಡದ ಕೃದಂತವೇ ಸಾಕು: ಕೈಬಿಟ್ಟದ್ದು 410, ‘ಕೈಬಿಡಲಿರುವ’ ನಿಮ್ಮ ಲೇಬಲ್.

ಹಾವೇರಿಯಿಂದ:
ಅರ್ಜಿ, ತಕರಾರು, ಜಮೀನು, ಜಪ್ತಿ ಎಲ್ಲ ತೆಗೆದು ತಹಶೀಲ್ದಾರರ ಮುಂದೆ ಏನು ಮಾತಾಡ್ತೀರಿ ಸರ? ತಹಶೀಲ್ದಾರರನ್ನೂ ತೆಗೀಬೇಕಾಗ್ತದ. ‘ರದ್ದು’ ತಪ್ಪಾಗಿರೋದು ಅರ್ಥದಿಂದ, ಕುಲದಿಂದ ಅಲ್ಲ. ‘ಕೈಬಿಡಲಿರುವ’ದೂ ತಪ್ಪೇ: ತೆಗೆದೇ ತೆಗೀತೀವಿ ಅಂತ ಮಾತು ಕೊಟ್ಟಂಗಾತು. ಡೆಪ್ರಿಕೇಟ್ ಆಗಿ ಹಂಗೇ ಉಳಿದಿರೋವು ಬೇಕಾದಷ್ಟವ.

ಗದಗಿನಿಂದ:
ಕುಲದ ಮಾತು ನಾನಾಡಿಲ್ಲ. ‘ಡೆಪ್ರಿಕೇಟ್’ನ ಲ್ಯಾಟಿನ್ ಧಾತುವಿನ ಅರ್ಥ ‘ಬೇಡು’, ಮುಂದಿನ ‘ಡೆ’ ‘ದೂರಕ್ಕೆ’. ಕೂಡಿದರೆ ‘ಒದಗದಿರಲಿ ಎಂದು ಬೇಡು’. ನಮ್ಮ ‘ಬೇಡ’ವೂ ‘ಬೇಡು’ವಿನಿಂದಲೇ, ತಮಿಳಿನ ವೇಂಡು, ವೇಂಡಾಂ ನೋಡಿ. ‘ಬಳಕೆ ಬೇಡ’ ಎನ್ನಿ. ಅಪ್ಪಟ.

ಧಾರವಾಡದಿಂದ:
ವ್ಯುತ್ಪತ್ತಿ ಚಂದ. ಆದರೆ ಹಳೇ ಆ್ಯಪ್ ನಡೆಸುವವರಿಗೆ ಅದು ನಿಷೇಧದಂತೆ ಕೇಳುತ್ತದೆ, 403ರ (ಪ್ರವೇಶವಿಲ್ಲ) ಹಾಗೆ. ‘ಹೊಸ ಬಳಕೆ ಬೇಡ’. ಕೆಳಗೆ ವಿ2ರ ಕೊಂಡಿ ಕೊಡಿ. ಕೊಂಡಿಯಿಲ್ಲದೆ ಯಾವ ಪದ ಹಾಕಿದರೂ ಉಪಯೋಗವಿಲ್ಲ.

ಹುಬ್ಬಳ್ಳಿಯಿಂದ:
ಮೂರು ಪದ ಆಯ್ತಲ್ರೀ. ‘ಹೊಸಬಳಕೆ ಬೇಡ’ ಎಂದು ಕೂಡಿಸಲೇ?

ಗದಗಿನಿಂದ:
ಕೂಡಿಸಿದರೆ ಆದೇಶ ಸಂಧಿ. ‘ಹೊಸವಳಕೆ’.

ಹಾವೇರಿಯಿಂದ:
ಅದಕ್ಕ ಇನ್ನೊಂದು ಪದಚರ್ಚೆ ಬೇಕಾಗ್ತದ.

ಹುಬ್ಬಳ್ಳಿಯಿಂದ:
ಬಿಡಿಸಿಯೇ ಬರೆಯುತ್ತೇನೆ. ಲೇಬಲ್ಲಿನ ಅಗಲ ಹೆಚ್ಚಿಸಲು ಈಗಷ್ಟೇ ಹೇಳಿದೆ.