ವಂಶಾವಳಿ ಪೇಪರ್ ಇಲ್ಲದ ಹಟ್ಟಿ ನಾಯಿಗಳನ್ನು ಮುಧೋಳ ತಳಿಗೆ ಸೇರಿಸಬೇಕಾ?

ಘಟಪ್ರಭಾ ದಂಡೆ: 2020ರ ಮನ್ ಕಿ ಬಾತ್‌ನಲ್ಲಿ ಮುಧೋಳ ನಾಯಿ ಹೆಸರು ಬಂದ ಮೇಲೆ ಮರಿಗಳಿಗೆ ಎಲ್ಲಿಲ್ಲದ ಬೇಡಿಕೆ. ನಾಯಿ ಶೋನಲ್ಲಿ ಕಪ್ ಗೆದ್ದ ಒಂದೇ ಗಂಡಿನ ಹತ್ತಿರ ಎಲ್ಲರೂ ಹೆಣ್ಣು ನಾಯಿ ತರುತ್ತಾರೆ. ಹೀಗೇ ಆದರೆ ನಾಳೆ ಯಾವ ಜೋಡಿ ಹುಡುಕಿದರೂ ಅಜ್ಜ ಒಬ್ಬನೇ ಆಗಿರುತ್ತಾನೆ. ಬಾಗಲಕೋಟೆ, ವಿಜಯಪುರ, ಜತ್ತ ಕಡೆ ಕುರಿ ಹಟ್ಟಿಗಳಲ್ಲಿ ಪೇಪರ್ ಇಲ್ಲದ ಒಳ್ಳೆಯ ನಾಯಿಗಳಿವೆ, ಮೊಲದ ಹಿಂದೆ ಓಡಿ ಗಟ್ಟಿಯಾದವು. ಪರೀಕ್ಷಿಸಿ ಅವನ್ನೂ ದಾಖಲೆಗೆ ಸೇರಿಸಬೇಕು.

ಶೋ ರಿಂಗ್ ಬೆಂಗಳೂರು: "ಪೇಪರ್ ಇಲ್ಲದ" ಅಂತ ನೀವೇ ಹೇಳಿದಿರಿ. ರೇಸಿಗಾಗಿ ವಿದೇಶಿ ಗ್ರೇಹೌಂಡ್ ಕೂಡಿಸಿದ ನಾಯಿಯೂ ಹಟ್ಟಿಯಲ್ಲೇ ಇರುತ್ತದೆ. ಅಪ್ಪ ಯಾರು ಅಂತ ಗೊತ್ತಿಲ್ಲದೆ ತಳಿ ಉಳಿಸೋದು ಹೇಗೆ?

ಕಾಡು ಉಳಿಸಿ: "ಮೊಲದ ಹಿಂದೆ ಓಡಿ"? 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಅದನ್ನು ಹೊಗಳುತ್ತೀರಲ್ಲ!

ಜಮಖಂಡಿ ಮಲ್ಲು: ಸರ್, ಈಗ ಬೇಟೆ ಆಡಿ ಅಂದವರು ಯಾರು? ನಮ್ಮ ಹಿರಿಯರು ಓಟದಲ್ಲಿ ಹಿಂದೆ ಬಿದ್ದ ನಾಯಿಯಿಂದ ಮರಿ ಮಾಡಿಸುತ್ತಿರಲಿಲ್ಲ. ಮುಧೋಳದ ಮಾಲೋಜಿರಾವ್ ಘೋರ್ಪಡೆ ರಾಜರು ಕೂಡ ಬೇಟೆಗಾರರ ನಾಯಿಗಳಿಂದಲೇ ತಳಿ ಬೆಳೆಸಿದ್ದು.

ಕಾಡು ಉಳಿಸಿ: ರಾಜರ ಕಾಲ ಮುಗಿಯಿತು. ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲೋದು ಮಾತ್ರ ಅಲ್ಲ, ನಾಯಿ ಬಿಟ್ಟು ಅಟ್ಟಿಸೋದೂ ಸೇರುತ್ತದೆ. ಓದಿದ್ದೀರಾ?

ಜಮಖಂಡಿ ಮಲ್ಲು: ಓದಿದ್ದೇನೆ ರೀ! ನಾಯಿ ತಾನಾಗಿ ಓಡಿದರೆ ಅದರ ಕಾಲು ಕಟ್ಟಲಾ? ಊರಿನ ಎರೆ ಹೊಲ ನೋಡದವರು ನಮಗೆ ಕಾನೂನು ಹೇಳಬೇಡಿ.

ಕಾಡು ಉಳಿಸಿ: ನಾನೂ ಹಳ್ಳಿಯವನೇ. ಹಗ್ಗ ಹಾಕಿ ಕಟ್ಟಿ, ಅಷ್ಟೇ.

ಪಶುವೈದ್ಯೆ: ಮೊಲ ಬಿಡಿ ಅಣ್ಣಾ. ಡಾಲ್ಮೇಷಿಯನ್ ನಾಯಿ ತಳಿಯ ಕಥೆ ನೋಡಿ. ಶುದ್ಧ ತಳಿಯ ಎಲ್ಲಕ್ಕೂ ಮೂತ್ರದಲ್ಲಿ ಯೂರಿಕ್ ಆಸಿಡ್ ಜಾಸ್ತಿ, ಕೆಲವಕ್ಕೆ ಕಲ್ಲು ಕಟ್ಟಿಕೊಳ್ಳುತ್ತಿತ್ತು. ಸರಿಯಾದ ಜೀನ್ ತಳಿಯೊಳಗೆ ಉಳಿದೇ ಇರಲಿಲ್ಲ, ಎಷ್ಟು ಆರಿಸಿದರೂ ಎಲ್ಲಿಂದ ಬರಬೇಕು? 1973ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಒಂದೇ ಸಲ ಬೇರೆ ತಳಿಯ ಪಾಯಿಂಟರ್ ಕೂಡಿಸಿ, ಮುಂದಿನ ತಲೆಮಾರುಗಳನ್ನು ಮತ್ತೆ ಡಾಲ್ಮೇಷಿಯನ್‌ಗೇ ಕೊಟ್ಟರು. ತಳಿ ದಾಖಲೆ ಇಡುವ ಅಲ್ಲಿನ ಕೆನಲ್ ಕ್ಲಬ್ ಅವನ್ನು ಒಪ್ಪಿದ್ದು 2011ರಲ್ಲಿ. ನಮಗೆ ಬೇರೆ ತಳಿಯೂ ಬೇಡ, ಹಟ್ಟಿಯಲ್ಲೇ ನಮ್ಮದಿದೆ.

ಶೋ ರಿಂಗ್ ಬೆಂಗಳೂರು: "ಪಾಯಿಂಟರ್ ಕೂಡಿಸಿ"! ನೋಡಿ, ಕೊನೆಗೆ ಮಿಕ್ಸಿಂಗ್‌ಗೇ ಬಂದಿರಿ. ಅಲ್ಲಿ ರೋಗ ಯಾವುದು ಅಂತ ಗೊತ್ತಿತ್ತು. ನಮ್ಮ ನಾಯಿಗೆ ಏನಾಗಿದೆ?

ಘಟಪ್ರಭಾ ದಂಡೆ: ಏನಾಗಿದೆ ಅಂತೀರಾ? ಪಕ್ಕದ ತೋಟದಲ್ಲಿ ಅಪ್ಪ-ಮಗಳ ಜೋಡಿಯ ಮರಿಗೆ ಅಂಗುಳ ಸೀಳಿತ್ತು. ಕುಡಿದ ಹಾಲು ಮೂಗಿನಿಂದ ಸೋರುತ್ತಿತ್ತು, ಮೂರು ದಿನಕ್ಕೆ ಸತ್ತಿತು. ಉಳಿದವನ್ನು "ಚಾಂಪಿಯನ್ ಲೈನ್" ಅಂತ ಮಾರಿದರು.

ಕಾಡು ಉಳಿಸಿ: ಮಲ್ಲು ಇನ್ನೂ ಉತ್ತರ ಕೊಟ್ಟಿಲ್ಲ.

ಶೋ ರಿಂಗ್ ಬೆಂಗಳೂರು: ಒಂದು ಮರಿ ತೋರಿಸಿ ಇಡೀ ತಳಿಗೆ ರೋಗ ಅನ್ನಬೇಡಿ. ಡಿಎನ್‌ಎ ವರದಿ ತನ್ನಿ, ಆಮೇಲೆ ಮಾತಾಡೋಣ. ಅಲ್ಲಿಯವರೆಗೆ ನನ್ನ ಹೆಣ್ಣನ್ನು ಹಟ್ಟಿ ನಾಯಿಗೆ ಕೊಡಲ್ಲ.

ಪಶುವೈದ್ಯೆ: ಹಾಗಾದರೆ ನಿಮ್ಮ ಗಂಡಿನ ವರದಿಯನ್ನೂ ಹಾಕಿ. ಅದಕ್ಕೆ ಇಲ್ಲಿವರೆಗೆ ಎಷ್ಟು ಹೆಣ್ಣು ಕೂಡಿಸಿದ್ದೀರಿ, ಅದನ್ನೂ ಬರೆಯಿರಿ.