ಸಹಾಯ ಬೇಕು: ಮುತ್ತಜ್ಜನ ಕಬ್ಬಿಣದ ಮಂಚದ ಮೂಲೆ ಬಿರುಕು ಬಿಟ್ಟಿದೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ನಮ್ಮ ಹಳೆಯ ಮನೆಯ ಅಟ್ಟದಲ್ಲಿ, ಅಡಿಕೆ ಚೀಲಗಳ ಹಿಂದೆ, ಮುತ್ತಜ್ಜನ ಕಾಲದ ಕಬ್ಬಿಣದ ಮಂಚ ಸಿಕ್ಕಿದೆ. ಸೊಳ್ಳೆಪರದೆ ಕಟ್ಟಲು ನಾಲ್ಕು ಕಂಬ, ತುದಿಯಲ್ಲಿ ಹಿತ್ತಾಳೆಯ ಗುಂಡುಗಳು. ಮೂರೇ ಉಳಿದಿವೆ, ನಾಲ್ಕನೆಯದನ್ನು ಚಿಕ್ಕಂದಿನಲ್ಲಿ ಹಳ್ಳಕ್ಕೆ ಎಸೆದವನು ನಾನೇ, ಮನೆಯಲ್ಲಿ ಇನ್ನೂ ಹೇಳಿಲ್ಲ.

ಇದು ಭದ್ರಾವತಿಯ ಕಬ್ಬಿಣವೆಂದು ಚಿಕ್ಕಪ್ಪನ ವಾದ. ಅಲ್ಲಿ ಕಬ್ಬಿಣ ತಯಾರಾಗತೊಡಗಿದ್ದೇ 1923ರಲ್ಲಿ. ಮಂಚ ಅದಕ್ಕಿಂತ ಹಳೆಯದೆಂದು ಅಜ್ಜಿ ಹೇಳುತ್ತಿದ್ದರು. 19ನೇ ಶತಮಾನದಲ್ಲಿ ಇಂಥ ಮಂಚಗಳ ತಯಾರಿಕೆಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹೆಸರುವಾಸಿ. ಮರದ ಸಂದಿಗಳಲ್ಲಿ ಸೇರುವಷ್ಟು ಸುಲಭವಾಗಿ ತಿಗಣೆ ಕಬ್ಬಿಣದಲ್ಲಿ ಸೇರುವುದಿಲ್ಲ. ಜನ ಇವನ್ನು ಮೆಚ್ಚಲು ಅದೂ ಒಂದು ದೊಡ್ಡ ಕಾರಣ.

ಈಗ ತೊಂದರೆಗೆ ಬರುತ್ತೇನೆ. ಸರಳುಗಳು ಕೂಡುವ ಮೂಲೆ ಎರಕದ್ದು, ಅದು ಬಿರುಕು ಬಿಟ್ಟಿದೆ. ಪೇಟೆಯ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಮಾಮೂಲಿ ರಾಡಿನಿಂದ ಬೆಸೆದರು. ತಣ್ಣಗಾಗುತ್ತಲೇ ಪಕ್ಕದಲ್ಲಿ ಇನ್ನೊಂದು ಬಿರುಕು! ಎರಕದ ಕಬ್ಬಿಣಕ್ಕೆ ನಿಕ್ಕಲ್ ರಾಡ್ ಅಥವಾ ಹಿತ್ತಾಳೆಯ ಬೆಸುಗೆ ಬೇಕು, ನಿಧಾನವಾಗಿ ಆರಲು ಬಿಡಬೇಕು ಎಂದು ಆಮೇಲೆ ತಿಳಿಯಿತು. ಶಿವಮೊಗ್ಗ, ಸಾಗರದ ಕಡೆ ಈ ಕೆಲಸ ಬಲ್ಲವರಿದ್ದರೆ ದಯವಿಟ್ಟು ತಿಳಿಸಿ.

ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣದಾಗಿ ಉಜ್ಜಲು ಹೆದರಿಕೆ. ಬೇರೆ ದಾರಿ ಏನು? ನಮ್ಮ ಮಳೆಗಾಲದ ಥಂಡಿಯನ್ನು ತಡೆಯುವ ಪ್ರೈಮರ್ ಯಾವುದು? ಕೆಂಪು ಗಾರೆ ನೆಲದ ಕೋಣೆಯಲ್ಲಿ ಕಪ್ಪು ಮಂಚ, ಬಿಳಿ ಪರದೆ, ಇಷ್ಟೇ ನನ್ನ ಆಸೆ. ಗುಜರಿಗೆ ಹಾಕಿ ಎಂಬ ಸಲಹೆ ಮಾತ್ರ ಬೇಡ, ಅದನ್ನು ಮನೆಯವರು ದಿನವೂ ಕೊಡುತ್ತಿದ್ದಾರೆ.